ಕಪಿಲೆ ಎತ್ತು ಹಿಂದಕ್ಕೆ ನಡೆದ ಹಾಗೆ

ಮಂಡಿನೋವಿನವರು ಯಾವ ವ್ಯಾಯಾಮ ಮಾಡಬಹುದು ಅಂತ ಈ ಅಂಕಣದಲ್ಲಿ ಬರೆದ ಮೇಲೆ ಮೂವರು ಓದುಗರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದಾರೆ. ಮನೆಗೆ ರೋಯಿಂಗ್ ಮೆಷಿನ್ ತರಬಹುದಾ, ಸೊಂಟಕ್ಕೆ ಏನೂ ಆಗಲ್ವಾ? ಒಬ್ಬರಂತೂ ಆಗಲೇ ತಂದಿದ್ದಾರೆ, ನಾಲ್ಕು ದಿನ ಎಳೆದು ಸೊಂಟ ಹಿಡ್ಕೊಂಡಿದೆ, ಈಗ ಅದರ ಮೇಲೆ ಬೆಡ್‌ಶೀಟ್ ಒಣಗ್ತಾ ಇದೆಯಂತೆ.

ಉತ್ತರ ಚಿಕ್ಕದು. ತಪ್ಪಾಗಿ ಎಳೆದರೆ ಸೊಂಟಕ್ಕೆ ಖಂಡಿತ ಆಗುತ್ತೆ. ಸರಿಯಾಗಿ ಮಾಡಿದರೆ ಮಂಡಿ, ಹಿಮ್ಮಡಿಗೆ ಕುಟ್ಟು ಬೀಳದ ಹಾಗೆ ಇಡೀ ಮೈಗೆ ಕೆಲಸ ಕೊಡುವ ಇಂಥ ಇನ್ನೊಂದು ಸಾಮಾನು ಮನೆಯೊಳಗೆ ಇಡೋಕೆ ಸಿಗೋದು ಕಷ್ಟ. ಆದರೆ 'ಸರಿಯಾಗಿ' ಅನ್ನೋದನ್ನ ಯಾರೂ ಹೇಳಿಕೊಡಲ್ಲ. ಟ್ರೆಡ್‌ಮಿಲ್ ಮೇಲೆ ಹತ್ತಿದರೆ ನಡೆಯೋದು ನಮಗೆ ಮೊದಲೇ ಗೊತ್ತಿರುತ್ತೆ, ಸೈಕಲ್ಲೂ ಹಾಗೇ. ದೋಣಿಗೆ ಹುಟ್ಟು ಹಾಕೋದು ನಮ್ಮ ಕಡೆ ಯಾರಿಗೆ ಗೊತ್ತು? ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಪಾಲಾರ್ ಇದೆ ಅಂತ ಭೂಪಟದಲ್ಲಿ ಗೆರೆ ಕಾಣುತ್ತೆ, ಅಷ್ಟೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಎಷ್ಟೋ ಕೆರೆಗಳು ಮತ್ತೆ ತುಂಬಿದವು ನಿಜ, ಹಾಗಂತ ಅದರಲ್ಲಿ ದೋಣಿ ಬಿಟ್ಟವರನ್ನ ನಾನಂತೂ ಕಂಡಿಲ್ಲ.

ಟೇಕಲ್‌ನಲ್ಲಿ ನಮ್ಮ ಚಿಕ್ಕಪ್ಪನ ಮನೆಗೆ ಈ ಮೆಷಿನ್ ಬಂದ ಕತೆ ಹೇಳ್ತೀನಿ, ಮೂವರಿಗೂ ಉತ್ತರ ಅದರಲ್ಲೇ ಸಿಗುತ್ತೆ.

ಟೇಕಲ್ ಗೊತ್ತಿಲ್ಲದವರಿಗೆ: ಬೆಂಗಳೂರಿಂದ ಬಂಗಾರಪೇಟೆ ಕಡೆ ಹೋಗೋ ರೈಲಿನಲ್ಲಿ ಮಾಲೂರು ದಾಟಿದರೆ ಸುತ್ತಲೂ ಬಂಡೆ ಗುಡ್ಡ ಕಾಣುತ್ತಲ್ಲ, ಅದೇ. ಬೆಳಗಿನ ರೈಲಿಗೆ ಅರ್ಧ ಊರು ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುತ್ತೆ. ಮಿಕ್ಕವರಲ್ಲಿ ಬಹಳ ಜನಕ್ಕೆ ಹೊಲ, ಇಲ್ಲಾ ಕಲ್ಲಿನ ಕೆಲಸ. ಚಿಕ್ಕಪ್ಪ ಎರಡೂ ಮಾಡಿದವರು. ಹುಡುಗನಾಗಿದ್ದಾಗ ಅವರಪ್ಪನ ಜೊತೆ ಕಪಿಲೆ ಹೊಡೆದಿದ್ದಾರೆ, ಆಮೇಲೆ ಮೂವತ್ತು ವರ್ಷ ಸೈಜುಗಲ್ಲು, ಚಪ್ಪಡಿ, ಬೇಲಿಗೆ ನೆಡೋ ಕಲ್ಲುಕೂಚ ಅಂತ ಬಂಡೆಯ ಮೇಲೇ ಬದುಕು. ಈಗ ಅರವತ್ತಮೂರು. ಶುಗರ್ ಬಂದು ಹನ್ನೊಂದು ವರ್ಷ.

ಹೋದ ವರ್ಷ ಅವರ ಬಲಗಾಲಿನ ಹೆಬ್ಬೆರಳ ಕೆಳಗೆ ಒಂದು ಗಾಯ ಆಯ್ತು. ಜಲ್ಲಿ ಚುಚ್ಚಿದ್ದು. ಚುಚ್ಚಿದ್ದೇ ಅವರಿಗೆ ಗೊತ್ತಾಗಿಲ್ಲ, ಪಾದ ಅಷ್ಟು ಜೋಮು ಹಿಡಿದಿತ್ತು. ಮಾಯೋಕೆ ಎರಡೂವರೆ ತಿಂಗಳು ಬೇಕಾಯ್ತು. ಅದೇ ಬೀದಿಯಲ್ಲಿ ಒಬ್ಬರಿಗೆ ಕಾಲ್ಬೆರಳು ತೆಗೆದಿದ್ದನ್ನ ನೋಡಿದ್ದ ಚಿಕ್ಕಮ್ಮ ಆ ಎರಡೂವರೆ ತಿಂಗಳು ಸರಿಯಾಗಿ ನಿದ್ದೆ ಮಾಡಿಲ್ಲ. ಗಾಯ ಮಾದ ಮೇಲೆ ಡಾಕ್ಟರು ಹೇಳಿದ್ದು: ವ್ಯಾಯಾಮ ಬಿಡಬೇಡಿ, ಆದರೆ ಈ ಜಲ್ಲಿ ರಸ್ತೆಯಲ್ಲಿ ವಾಕಿಂಗ್ ಬೇಡ, ಕೂತು ಮಾಡೋ ಅಂಥದ್ದೇನಾದರೂ ನೋಡಿ. ಟಿಪ್ಪರ್ ಲಾರಿ ಓಡಾಡೋ ರಸ್ತೆ, ಧೂಳು, ಮುಂಜಾನೆ ನಾಯಿ ಹಿಂಡು. ವಾಕಿಂಗ್ ಬೇಡ ಅಂದಿದ್ದಕ್ಕೆ ಚಿಕ್ಕಪ್ಪನಿಗೆ ಒಳಗೊಳಗೇ ಖುಷಿ.

ಆದರೆ ಅವರ ಮಗ ಬಿಡಬೇಕಲ್ಲ. ಅವನ ಆಫೀಸಿನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಸೆಕೆಂಡ್ ಹ್ಯಾಂಡ್ ರೋಯಿಂಗ್ ಮೆಷಿನ್ ಮಾರ್ತಿದ್ದರಂತೆ, ಟೆಂಪೋದಲ್ಲಿ ಹಾಕ್ಕೊಂಡು ಬಂದು ನಡುಮನೆಯಲ್ಲಿ ಇಟ್ಟ. ಎಂಟಡಿ ಉದ್ದ. ಚಿಕ್ಕಮ್ಮ ದಿವಾನ್ ಕಾಟನ್ನು ಆಚೆ ಹಾಕಬೇಕಾಯ್ತು. ಮಗ ಒಂದು ಸಲ ಕೂತು ತೋರಿಸಿ, 'ಹಿಂಗೆ ಎಳೀತಾ ಇರಪ್ಪ' ಅಂತ ಹೇಳಿ ರೈಲು ಹಿಡಿದ. ಚಿಕ್ಕಪ್ಪ ಎಳೆದರು. ಬಂಡೆ ಒಡೆದ ತೋಳು ಅದು, ಬಿಡ್ತಾರಾ? ಐದನೇ ದಿನ ಬೆಳಿಗ್ಗೆ ಮಂಚದಿಂದ ಏಳೋಕಾಗಲಿಲ್ಲ.

ಚಿಕ್ಕಮ್ಮ ಗುಜರಿಯವನಿಗೆ ಹೇಳಿಯೂ ಆಗಿತ್ತು. 'ಕಾಲು ಉಳೀತು ಅಂದ್ರೆ ಸೊಂಟ ಓಯ್ತು, ಯಾರಿಗ್ ಬೇಕಿತ್ತು ಇದು' ಅಂತ ನನಗೆ ಫೋನು. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಹೇಳಿಕೊಡುವವಳು, ಬೆಂಗಳೂರಿನ ಒಂದು ಶಿಬಿರದಲ್ಲಿ ಈ ಮೆಷಿನ್ನಿನ ಪಾಠವೂ ಆಗಿತ್ತು. ಹದಿನೈದು ದಿನ ಮೆಷಿನ್ ಮುಟ್ಟಬೇಡಿ, ಡಾಕ್ಟರಿಗೆ ತೋರಿಸಿ ಬರೀ ಸ್ನಾಯು ಹಿಡಿದಿರೋದು, ಬೇರೇನಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ, ಆಮೇಲೆ ಬರ್ತೀನಿ, ಅಲ್ಲೀತನಕ ಗುಜರಿಯವನನ್ನ ತಡೀರಿ ಅಂದೆ.

ಮೊದಲು ಮೆಷಿನ್ ಬಗ್ಗೆ ಒಂದೆರಡು ಮಾತು. ಇದರಲ್ಲಿ ಗಾಳಿಯದು, ನೀರಿನದು, ಅಯಸ್ಕಾಂತದ್ದು ಅಂತ ಬಗೆಗಳಿವೆ. ಜಿಮ್ಮುಗಳಲ್ಲಿ ಹೆಚ್ಚಾಗಿ ಕಾಣೋದು ಗಾಳಿಯದು. ಅಮೆರಿಕದ ವರ್ಮಾಂಟ್‌ನಲ್ಲಿ ಡ್ರೈಸಿಗಾಕರ್ ಅನ್ನೋ ಅಣ್ಣತಮ್ಮಂದಿರು 1976ರಲ್ಲಿ ದೋಣಿಯ ಹುಟ್ಟು ತಯಾರಿಸೋ ಕಂಪನಿ ಶುರು ಮಾಡಿದರು, ಅದೇ ಕಾನ್ಸೆಪ್ಟ್2. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ದೋಣಿಯವರು ಏನು ಮಾಡಬೇಕು? ಅದಕ್ಕೆ 1981ರಲ್ಲಿ ಸೈಕಲ್ ಚಕ್ರ ಒಂದನ್ನ ಇಟ್ಟು ಅವರ ಮೊದಲ ಮೆಷಿನ್ ಬಂತು. ಈಗಿನದರಲ್ಲೂ ತತ್ವ ಅದೇ. ಮುಂದೆ ಒಂದು ಫ್ಯಾನಿನಂಥ ಚಕ್ರ, ಅದಕ್ಕೆ ಸರಪಳಿ, ಸರಪಳಿಯ ತುದಿಗೆ ಹಿಡಿ. ಹಳಿಯ ಮೇಲೆ ಓಡೋ ಸೀಟು, ಪಾದ ಕಟ್ಟೋಕೆ ಎರಡು ಹಲಗೆ. ಕರೆಂಟು ಬೇಡ. ನಮ್ಮ ಕಡೆಯ ಪವರ್ ಕಟ್‌ಗೆ ಹೇಳಿ ಮಾಡಿಸಿದ್ದು.

ಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿ ಇರೋ ಒಂದು ಸಣ್ಣ ಹಿಡಿಕೆ ಇರುತ್ತೆ, ಡ್ಯಾಂಪರ್ ಅಂತಾರೆ. ಗಂಡಸರೆಲ್ಲ ಬಂದ ತಕ್ಷಣ ಮಾಡೋ ಕೆಲಸ ಅದನ್ನ ಹತ್ತಕ್ಕೆ ಇಡೋದು. ಚಿಕ್ಕಪ್ಪನ ಮಗ ಇಟ್ಟಿದ್ದೂ ಹತ್ತಕ್ಕೇ. ಅದು ತೂಕ ಏರಿಸೋ ಗುಂಡಿ ಅಲ್ಲ. ಚಕ್ರದೊಳಕ್ಕೆ ಎಷ್ಟು ಗಾಳಿ ಹೋಗಬೇಕು ಅನ್ನೋ ಕಿಟಕಿ ಅದು. ಹೆಚ್ಚು ಗಾಳಿ ಹೋದರೆ ಎರಡು ಎಳೆತದ ನಡುವೆ ಚಕ್ರ ಬೇಗ ನಿಧಾನ ಆಗಿಬಿಡುತ್ತೆ, ಪ್ರತಿ ಸಲವೂ ಅದನ್ನ ಹೊಸದಾಗಿ ಎಬ್ಬಿಸಬೇಕು. ಹತ್ತರಲ್ಲಿ ಇಟ್ಟರೆ ಮರಳು ತುಂಬಿದ ಅಗಲವಾದ ದೋಣಿ, ಮೂರು ನಾಲ್ಕರಲ್ಲಿ ಇಟ್ಟರೆ ತೆಳ್ಳನೆಯ ದೋಣಿ. ಹೆಚ್ಚು ಕೆಲಸ ಬೇಕಾದರೆ ಕಾಲಿನಿಂದ ಜೋರಾಗಿ ತಳ್ಳಿ, ಗಾಳಿ ತಾನಾಗಿಯೇ ಹೆಚ್ಚು ಎದುರು ನಿಲ್ಲುತ್ತೆ. ಹೊಸಬರಿಗೆ ಮೂರರಿಂದ ಐದು ಸಾಕು. ಸೊಂಟನೋವಿನ ಅರ್ಧ ಕತೆ ಈ ಹತ್ತರಲ್ಲೇ ಇದೆ.

ಉಳಿದರ್ಧ ಎಳೆಯೋ ರೀತಿಯಲ್ಲಿ. ಚಿಕ್ಕಪ್ಪನನ್ನ ಕೂರಿಸಿ ಸುಮ್ಮನೆ ಒಂದು ನಿಮಿಷ ನೋಡಿದೆ. ಮೊದಲು ತೋಳು ಮಡಚಿ ಹಿಡಿಯನ್ನ ಎದೆಗೆ ಎಳ್ಕೋತಾರೆ, ಬೆನ್ನನ್ನ ಗೂನು ಮಾಡಿ ಹಿಂದಕ್ಕೆ ಜಗ್ಗುತ್ತಾರೆ, ಕೊನೆಗೆ, ಅಯ್ಯೋ ಕಾಲೂ ಇದೆಯಲ್ಲ ಅನ್ನೋ ಹಾಗೆ ಮಂಡಿ ಬಿಡಿಸ್ತಾರೆ. ವಾಪಸ್ ಬರುವಾಗ ಬಿದ್ದಂಬೀಳ ಮುಂದಕ್ಕೆ ಬಂದು ಸೀಟು ಹಿಮ್ಮಡಿಗೆ ಡಿಕ್ಕಿ. ನಿಮಿಷಕ್ಕೆ ಮೂವತ್ತನಾಲ್ಕು ಎಳೆತ! ಅಷ್ಟಾದರೂ ಮೀಟರಿನಲ್ಲಿ ಐನೂರು ಮೀಟರಿಗೆ 3 ನಿಮಿಷ 10 ಸೆಕೆಂಡಿನ ವೇಗ. ಬೆವರು ಮಾತ್ರ ಧಾರಾಕಾರ.

'ಎಳೀಬೇಡ ಚಿಕ್ಕಪ್ಪ, ತಳ್ಳು' ಅಂದೆ.

'ಸರಪಳಿ ಎಳ್ಯೋಕಲ್ವೇನಮ್ಮ ಇರೋದು? ತಳ್ಳೋದೆಲ್ಲಿಗೆ?'

ಪುಸ್ತಕದ ಪಾಠ ಹೇಳಿದೆ. ಒಂದು ಎಳೆತದಲ್ಲಿ ನಾಲ್ಕು ಭಾಗ. ಮಂಡಿ ಮಡಚಿ, ತೋಳು ಚಾಚಿ, ಮುಂದೆ ಕೂತಿರೋದು ಕ್ಯಾಚ್. ಅಲ್ಲಿಂದ ಹಿಂದಕ್ಕೆ ಹೋಗೋದು ಡ್ರೈವ್. ಹಿಡಿ ಪಕ್ಕೆಲುಬಿನ ಕೆಳತುದಿಗೆ ತಾಗಿದಾಗ ಫಿನಿಶ್. ಮತ್ತೆ ಮುಂದಕ್ಕೆ ಬರೋದು ರಿಕವರಿ. ಹಿಂದಕ್ಕೆ ಹೋಗುವಾಗ ಮೊದಲು ಕಾಲು, ಆಮೇಲೆ ಮೈ, ಕೊನೆಗೆ ತೋಳು. ಮುಂದೆ ಬರುವಾಗ ಅದೇ ತಿರುಗುಮುರುಗು: ಮೊದಲು ತೋಳು ಚಾಚು, ಆಮೇಲೆ ಮೈ ಬಾಗಿಸು, ಕೊನೆಗೆ ಮಂಡಿ ಮಡಿಸು. ಒಟ್ಟು ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾಲಿನದ್ದು, ತೋಳಿನದ್ದು ಎಲ್ಲಕ್ಕಿಂತ ಕಡಿಮೆ ಅಂತ ತರಬೇತುದಾರರ ಅಂದಾಜು. ಹೇಳಿದ್ದೆಲ್ಲ ಚಿಕ್ಕಪ್ಪ ತಲೆಯಾಡಿಸಿ ಕೇಳಿದರು. ಮತ್ತೆ ಕೂತು ಹಳೇ ಥರಾನೇ ಎಳೆದರು.

ಆಗ ನೆನಪಾಗಿದ್ದು ಕಪಿಲೆ. ಈಗಿನ ಹುಡುಗರಿಗೆ ಗೊತ್ತಿರಲ್ಲ, ಪಂಪ್‌ಸೆಟ್ಟು ಬಂದ ಮೇಲೆ ಕಪಿಲೆ ಹೋಯ್ತು, ಬೋರ್‌ವೆಲ್ಲು ಸಾವಿರ ಅಡಿ ದಾಟಿದ ಮೇಲೆ ಬಾವಿಯೂ ಹೋಯ್ತು. ಬಾವಿಯ ಮೇಲೆ ರಾಟೆ, ಅದರ ಮೇಲೆ ಹಗ್ಗ, ಹಗ್ಗದ ಒಂದು ತುದಿಗೆ ತೊಗಲಿನ ಚೀಲ, ಇನ್ನೊಂದು ತುದಿಗೆ ಜೋಡಿ ಎತ್ತು. ಎತ್ತು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ನೀರು ತುಂಬಿದ ಚೀಲ ಮೇಲಕ್ಕೆ ಬರುತ್ತೆ. ಹೊಡೆಯೋನು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಎತ್ತಿನ ಜೊತೆ ಸೇರಿಸ್ತಾನೆ. ಚೀಲ ಖಾಲಿಯಾದ ಮೇಲೆ ಎತ್ತು ತಿರುಗಲ್ಲ, ಅದೇ ಏರಿನಲ್ಲಿ ಹಿಂದುಹಿಂದಕ್ಕೆ ಹೆಜ್ಜೆ ಇಡ್ತಾ ಬಾವಿ ಕಡೆ ಬರುತ್ತೆ.

'ಚಿಕ್ಕಪ್ಪ, ಕಪಿಲೇಲಿ ನೀರು ಎತ್ತೋದು ಹಗ್ಗಾನಾ, ಎತ್ತಾ?'

'ಎತ್ತು ಕಣಮ್ಮ. ಅಗ್ಗಕ್ಕೇನ್ ಗೊತ್ತು.'

'ನಿನ್ನ ತೋಳು ಹಗ್ಗ. ತೊಡೆ ಎತ್ತು.'

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮುಂದಕ್ಕೆ ಬಂದು ಕೂತು, ತೋಳನ್ನ ಚಾಚಿದ ಹಾಗೇ ಬಿಟ್ಟು, ಎರಡೂ ಪಾದದಿಂದ ಹಲಗೆಯನ್ನ ಒತ್ತಿದರು. ಚಕ್ರ ಬೇರೆಯೇ ಸದ್ದು ಮಾಡ್ತು. ಮುಂಚೆ ಬರ್‍ ಬರ್‍ ಅಂತ ತುಂಡು ತುಂಡಾಗಿ ಕಿರುಚ್ತಿತ್ತು, ಈಗ ಗಾಳಿ ಒಂದೇ ಉಸಿರಿಗೆ ಬೀಸಿದ ಹಾಗೆ. ಒಳಗೆ ಹುರುಳಿ ಆರಿಸ್ತಾ ಕೂತಿದ್ದ ಚಿಕ್ಕಮ್ಮ ತಲೆ ಎತ್ತಿ ನೋಡಿದರು.

ಓದುಗರೇ, ಈ ಸದ್ದನ್ನ ಗುರುತು ಇಟ್ಕೊಳ್ಳಿ. ಹೇಳಿಕೊಡುವವರು ಪಕ್ಕದಲ್ಲಿ ಇಲ್ಲದಿದ್ದರೂ ಕಿವಿ ಹೇಳಿಕೊಡುತ್ತೆ.

ಇದರಲ್ಲಿ ಎರಡು ಕಡೆ ಜಾರೋದು ಜಾಸ್ತಿ. ಒಂದು, ಕಾಲು ತಳ್ಳಬೇಕು ಅಂತ ಗೊತ್ತಾದ ಮೇಲೆ ಕೆಲವರ ಸೀಟು ಮಾತ್ರ ಹಿಂದಕ್ಕೆ ಓಡುತ್ತೆ, ಹಿಡಿ ಇದ್ದಲ್ಲೇ ಇರುತ್ತೆ. ಮೈ ಮುಂದಕ್ಕೆ ಮಡಿಚಿಕೊಂಡು ಎಲ್ಲ ಭಾರ ಸೊಂಟಕ್ಕೆ ಬೀಳುತ್ತೆ. ಚೀಲವೇ ಕಟ್ಟದೆ ಎತ್ತು ಓಡಿಸಿದ ಹಾಗೆ. ಸೀಟು ಒಂದು ಗೇಣು ಹೋದರೆ ಹಿಡಿಯೂ ಒಂದು ಗೇಣು ಬರಬೇಕು. ಅದಕ್ಕೆ ಹೊಟ್ಟೆಯ ಸ್ನಾಯುವನ್ನ ತುಸು ಬಿಗಿ ಹಿಡಿದು, ಹಿಡಿಯಿಂದ ಮೈ ತೂಗಿಬಿದ್ದ ಹಾಗೆ ಇರಬೇಕು, ಹಗ್ಗದ ಮೇಲೆ ಕೂತ ಕಪಿಲೆಯವನ ಥರ.

ಇನ್ನೊಂದು, ಬಾಗೋದು. ಬೆನ್ನು ಬಾಗಬಾರದು, ತೊಡೆಯೂ ಹೊಟ್ಟೆಯೂ ಸೇರೋ ಜಾಗದಲ್ಲಿ ಮೈ ಮಡಚಬೇಕು. ಇದನ್ನ ಚಿಕ್ಕಪ್ಪನಿಗೆ ನಾನು ಹೇಳಿಕೊಡಬೇಕಾಗಿಯೇ ಬರಲಿಲ್ಲ. 'ಕೂಚ ಎತ್ತುವಾಗ ಅಂಗೇ ಅಲ್ವಾ, ಬೆನ್ನ್ ಬಗ್ಗಿಸಿದೋನು ಮಧ್ಯಾಹ್ನಕ್ಕೆ ಮನೆಗೋಯ್ತಾನೆ' ಅಂದರು. ಮೂವತ್ತು ವರ್ಷ ಕಲ್ಲು ಎತ್ತಿ ಕೆಡದ ಸೊಂಟ ಐದು ದಿನದ ಮೆಷಿನ್ನಿಗೆ ಕೆಟ್ಟಿದ್ದು ಯಾಕೆ ಅಂದರೆ, ಕಲ್ಲಿನ ಮುಂದೆ ಅವರ ಮೈಗೆ ಗೊತ್ತಿದ್ದದ್ದು ನಡುಮನೆಯ ಸೀಟಿನ ಮೇಲೆ ಮರೆತುಹೋಗಿತ್ತು. ಗೋಡೆ ಗಡಿಯಾರ ನೆನೆಸಿಕೊಂಡರೆ ಅಳತೆ ಸುಲಭ. ಪಕ್ಕದಿಂದ ನೋಡಿದಾಗ ಕ್ಯಾಚಿನಲ್ಲಿ ಮೈ ಒಂದು ಗಂಟೆಯ ಮುಳ್ಳಿನಷ್ಟು ಮುಂದಕ್ಕೆ, ಫಿನಿಶ್‌ನಲ್ಲಿ ಹನ್ನೊಂದರ ಮುಳ್ಳಿನಷ್ಟು ಹಿಂದಕ್ಕೆ. ಅದಕ್ಕಿಂತ ಮುಂದೆ ಚಾಚೋದೂ ಬೇಡ, ಈಸಿಚೇರಿನಲ್ಲಿ ಒರಗಿದ ಹಾಗೆ ಹಿಂದೆ ಮಲಗೋದೂ ಬೇಡ. ಮುಂದೆ ಬಂದಾಗ ಮೊಣಕಾಲಿನ ಮೂಳೆ ನೆಟ್ಟಗೆ ನಿಂತರೆ ಸಾಕು. ಹೊಟ್ಟೆ ಇರೋವರಿಗೆ, ಮಂಡಿ ಪೂರ್ತಿ ಮಡಚದವರಿಗೆ ಅಷ್ಟೂ ಬರಲ್ಲ. ಎಷ್ಟು ಬರುತ್ತೋ ಅಷ್ಟೇ ಸರಿ.

ಕೈಯನ್ನ ಬಕೆಟ್ಟಿನ ಹಿಡಿಗೆ ಬೆರಳು ಕೊಕ್ಕೆ ಹಾಕಿದ ಹಾಗೆ ಹಿಡೀರಿ, ಮುಷ್ಟಿ ಬಿಗಿಯೋದು ಬೇಡ. ಮಣಿಕಟ್ಟು ಮಡಚಬೇಡಿ. ಸರಪಳಿ ಹೋಗ್ತಾ ಬರ್ತಾ ಒಂದೇ ಮಟ್ಟದಲ್ಲಿರಲಿ. ಅದು ಮಂಡಿಯ ಮೇಲೆ ಬೆಟ್ಟ ಹತ್ತಿ ಇಳೀತಿದೆ ಅಂದರೆ ಮಂಡಿ ಬೇಗ ಎದ್ದಿದೆ ಅಂತ ಅರ್ಥ. ತೋಳು ಚಾಚಿ, ಮೈ ಬಾಗಿ, ಹಿಡಿ ಮಂಡಿಯನ್ನ ದಾಟಿದ ಮೇಲೆ ಮಂಡಿ ಏಳಬೇಕು. ಭುಜ ಕಿವಿಗೆ ಹತ್ತಬಾರದು. ತಳ್ಳುವಾಗ ಉಸಿರು ಬಿಡಿ, ಬರುವಾಗ ತಗೊಳ್ಳಿ. ಬಿ.ಪಿ. ಇರೋವರು ಉಸಿರು ಕಟ್ಟಿ ಎಳೆಯಲೇಬಾರದು.

ಚಿಕ್ಕಪ್ಪನಿಗೆ ಬಹಳ ದಿನ ಹಿಡಿದಿದ್ದು ವಾಪಸ್ ಬರೋದು. ಹಿಂದಕ್ಕೆ ಹೋಗೋಕೆ ಒಂದು ಎಣಿಕೆ ಆದರೆ ಮುಂದೆ ಬರೋಕೆ ಎರಡು ಎಣಿಕೆ ಬೇಕು. ಇದು ಯಾರಿಗೂ ರುಚಿಸಲ್ಲ, ಸುಮ್ಮನೆ ಕೂತ ಹಾಗೆ ಅನಿಸುತ್ತೆ. ಎಲ್ಲರೂ ಇಲ್ಲೇ ಅವಸರ ಮಾಡೋದು. ನಿಮಿಷಕ್ಕೆ ಹದಿನೆಂಟರಿಂದ ಇಪ್ಪತ್ತೆರಡು ಎಳೆತ ಕಲಿಯುವವರಿಗೆ ಧಾರಾಳ. 'ಎತ್ತನ್ನ ಹಿಂದಕ್ಕೆ ನಡೆಸುವಾಗ ಯಾಕೆ ಹೊಡೀತಿರಲಿಲ್ಲ?' ಅಂತ ಕೇಳಿದೆ. 'ಒಡೆದ್ರೆ ಎಡವಿ ಬೀಳ್ತದೆ. ಚೀಲ ಮುಳುಗೋಕೂ ಒತ್ತು ಬೇಕಲ್ಲ, ತುಂಬ್ದೆ ಬಂದ್ರೆ ಏನ್ ಬಂತು?' ಅಂದರು. ಅಂದವರೇ ನಕ್ಕರು. ಅಲ್ಲಿಂದ ಚಿಕ್ಕಮ್ಮನೂ ಅಡಿಗೆಮನೆಯಿಂದಲೇ ಸದ್ದು ಕೇಳಿ ಹೇಳೋರು, 'ಚೀಲ ಮುಳುಗಿಲ್ಲ ನೋಡು, ಆಗ್ಲೇ ಒಡೀತಾ ಅವ್ರೆ' ಅಂತ.

ಆ ಚೀಲ ತುಂಬೋ ಲೆಕ್ಕ ಮೀಟರಿನಲ್ಲೂ ಕಾಣುತ್ತೆ. ಎರಡನೇ ವಾರ ಅವರ ಎಳೆತ ನಿಮಿಷಕ್ಕೆ ಇಪ್ಪತ್ತಕ್ಕೆ ಇಳೀತು, ವೇಗ ಐನೂರು ಮೀಟರಿಗೆ 2 ನಿಮಿಷ 50 ಸೆಕೆಂಡಿಗೆ ಬಂತು. ಎಳೆತ ಕಡಿಮೆ, ವೇಗ ಜಾಸ್ತಿ. ಮೀಟರು ಮೋಸ ಮಾಡ್ತಿದೆ ಅಂತ ಮಗನಿಗೆ ಫೋನು ಮಾಡಿದರು. ಮೋಸ ಏನಿಲ್ಲ. ಮೀಟರು ಚಕ್ರಕ್ಕೆ ಎಷ್ಟು ಶಕ್ತಿ ಹೋಯ್ತು ಅಂತ ಮಾತ್ರ ನೋಡುತ್ತೆ, ನೀವೆಷ್ಟು ಸಲ ಒದ್ದಾಡಿದಿರಿ ಅಂತ ನೋಡಲ್ಲ.

ಇಲ್ಲೊಂದು ಲೆಕ್ಕ ಗೊತ್ತಿದ್ದರೆ ಒಳ್ಳೇದು, ಇಲ್ಲದಿದ್ದರೆ ದಿನಾ ಬೇಜಾರಾಗ್ತೀರಿ. ವೇಗ ಹೆಚ್ಚಿದ ಹಾಗೆ ಬೇಕಾಗೋ ಶಕ್ತಿ ಅದರ ಘನದಷ್ಟು ಹೆಚ್ಚುತ್ತೆ. ಐನೂರು ಮೀಟರಿಗೆ 3 ನಿಮಿಷದ ವೇಗಕ್ಕೆ ಸುಮಾರು 60 ವಾಟ್ ಸಾಕು. ಎರಡೂವರೆ ನಿಮಿಷಕ್ಕೆ 104 ವಾಟ್. 2 ನಿಮಿಷಕ್ಕೆ 203 ವಾಟ್. ಅಂದರೆ ಮೂರರಿಂದ ಎರಡಕ್ಕೆ ಇಳಿಯೋಕೆ ಮೂರು ಪಟ್ಟಿಗಿಂತ ಹೆಚ್ಚು ಶಕ್ತಿ. ಅದಕ್ಕೇ ಮೊದಮೊದಲು ಬೇಗ ಬೇಗ ಇಳಿಯೋ ಸೆಕೆಂಡು ಆಮೇಲೆ ಕಲ್ಲಾಗಿ ಕೂತುಬಿಡುತ್ತೆ. 2018ರಲ್ಲಿ ಆಸ್ಟ್ರೇಲಿಯಾದ ಜೋಶ್ ಡಂಕ್ಲಿ-ಸ್ಮಿತ್ ಎರಡು ಸಾವಿರ ಮೀಟರನ್ನ 5 ನಿಮಿಷ 35.8 ಸೆಕೆಂಡಿನಲ್ಲಿ ಮುಗಿಸಿದ. ಸರಾಸರಿ 590 ವಾಟ್‌ ಮೇಲೆ, ಐದೂವರೆ ನಿಮಿಷ. ನಮಗೂ ಅದಕ್ಕೂ ಸಂಬಂಧ ಇಲ್ಲ, ಬಿಡಿ.

ಸಂಬಂಧ ಇರೋ ಹೆಸರು ಒಂದಿದೆ. ದತ್ತು ಬಬನ್ ಭೋಕನಳ್. ಮಹಾರಾಷ್ಟ್ರದ ನಾಶಿಕ್ ಜಿಲ್ಲೆಯ ಚಾಂದವಡ ತಾಲ್ಲೂಕಿನ ತಳೇಗಾವ್ ರೋಹಿ ಅನ್ನೋ ಊರಿನವರು. ಅದೂ ನಮ್ಮ ಹಾಗೆ ನೀರಿಲ್ಲದ ಸೀಮೆ. ಅಪ್ಪನ ಜೊತೆ ಬಾವಿ ತೋಡೋ ಕೂಲಿಗೆ ಹೋಗ್ತಿದ್ದ ಹುಡುಗ, ಅಪ್ಪ ತೀರಿಕೊಂಡ ಮೇಲೆ 2012ರಲ್ಲಿ ಸೇನೆ ಸೇರಿ ಪುಣೆಯ ಬಾಂಬೆ ಎಂಜಿನಿಯರ್ ಗ್ರೂಪಿಗೆ ಹೋದರು. ಹುಟ್ಟು ಹಿಡಿದಿದ್ದೇ ಅಲ್ಲಿ. ನಾಲ್ಕೇ ವರ್ಷಕ್ಕೆ, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ನಡೆಸುವ ದೋಣಿ ಸ್ಪರ್ಧೆಯಲ್ಲಿ 13ನೇ ಸ್ಥಾನ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಸವರ್ಣ್ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ಜೊತೆ ನಾಲ್ವರ ದೋಣಿಯಲ್ಲಿ ಚಿನ್ನ. ಬಾವಿ ತೋಡಿದವರ ಮೈಗೆ ಕಾಲು ಊರಿ ಭಾರ ಎತ್ತೋದು ಗೊತ್ತಿರುತ್ತೆ. ನೀರಿನ ಪರಿಚಯ ಆಮೇಲೂ ಮಾಡ್ಕೋಬಹುದು. ಚಿಕ್ಕಪ್ಪನಿಗೆ ಈ ಕತೆ ಹೇಳಿದಾಗ ಕೇಳಿದ್ದು ಒಂದೇ ಪ್ರಶ್ನೆ: 'ಬಾವೀಲಿ ನೀರು ಬಿತ್ತಾ?'

ಈಗ ಕಲಿಯೋ ಕ್ರಮಕ್ಕೆ ಬರ್ತೀನಿ. ಮೊದಲ ವಾರ ದೂರ, ಸಮಯ, ವೇಗ ಯಾವುದನ್ನೂ ನೋಡಬೇಡಿ, ಮೀಟರಿನ ಮೇಲೆ ಟವೆಲ್ ಹಾಕಿ. ಹತ್ತು ಎಳೆತ ಕಾಲು ಚಾಚಿ ಕೂತು ಬರೀ ತೋಳಿನಲ್ಲಿ. ಹತ್ತು ತೋಳು ಮತ್ತು ಮೈ. ಹತ್ತು ಅರ್ಧ ಮಂಡಿ ಮಡಚಿ. ಆಮೇಲೆ ಪೂರ್ತಿ. ಇದನ್ನೇ ಎರಡು ಸಲ ಮಾಡಿ ಎದ್ದುಬಿಡಿ. ಎರಡನೇ ವಾರ ವಾಪಸ್ ಬರುವಾಗ ತೋಳು ಚಾಚಿ ಮೈ ಬಾಗಿದ ಮೇಲೆ ಹಿಡಿ ಮಂಡಿ ದಾಟಿದಲ್ಲಿ ಒಂದು ಕ್ಷಣ ನಿಲ್ಲಿ, ಆಮೇಲೆ ಮಂಡಿ ಮಡಿಸಿ. ಅವಸರದ ರೋಗಕ್ಕೆ ಇದಕ್ಕಿಂತ ಒಳ್ಳೇ ಮದ್ದು ನಾನು ಕಂಡಿಲ್ಲ. ಒಂದಷ್ಟು ಎಳೆತ ಪಾದದ ಪಟ್ಟಿ ಕಟ್ಟದೆ ಮಾಡಿ. ಹಿಂದಕ್ಕೆ ಅತಿಯಾಗಿ ಒರಗಿದರೆ ಪಾದ ಹಲಗೆ ಬಿಟ್ಟು ಎದ್ದುಬಿಡುತ್ತೆ, ನಿಮಗೇ ಗೊತ್ತಾಗುತ್ತೆ. ಮನೆಯಲ್ಲಿ ಯಾರಾದರೂ ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಇನ್ನೂ ಒಳ್ಳೇದು. ಮೂರನೇ ವಾರದಿಂದ ಐದು ನಿಮಿಷ, ಒಂದು ನಿಮಿಷ ಬಿಡುವು, ಮತ್ತೆ ಐದು ನಿಮಿಷ. ವಾರಕ್ಕೆ ನೂರೈವತ್ತು ನಿಮಿಷದ ಸಾಧಾರಣ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು, ಅದನ್ನ ಮುಟ್ಟೋಕೆ ಎರಡು ಮೂರು ತಿಂಗಳು ತಗೊಂಡರೂ ಪರವಾಗಿಲ್ಲ. ಮಾತಾಡ್ತಾ ಮಾಡೋಕೆ ಆಗಬೇಕು. ಆಗ್ತಿಲ್ಲ ಅಂದರೆ ಜೋರಾಯ್ತು ಅಂತ.

ಡಿಸ್ಕ್ ತೊಂದರೆ ಇರೋವರು, ಬೆನ್ನಿನ ಆಪರೇಷನ್ ಆದವರು, ಎದೆನೋವಿನ ಇತಿಹಾಸ ಇರೋವರು ಡಾಕ್ಟರನ್ನ ಕೇಳದೆ ಕೂರಬೇಡಿ. ಮಾಡುವಾಗ ನೋವು ಸೊಂಟದಿಂದ ಕಾಲಿಗೆ ಇಳಿದರೆ, ಜೋಮು ಬಂದರೆ, ಅವತ್ತಿಗೆ ಅಲ್ಲೇ ನಿಲ್ಲಿಸಿ ತೋರಿಸಿ. ಶುಗರ್ ಇರೋವರಿಗೆ ಮೂರು ಮಾತು ಜಾಸ್ತಿ. ಇನ್ಸುಲಿನ್ ಅಥವಾ ಶುಗರ್ ಇಳಿಸೋ ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ಕೂರಬೇಡಿ, ಪಕ್ಕದಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಬರಿಗಾಲು ಬೇಡ, ಹತ್ತಿಯ ಕಾಲುಚೀಲ, ಮೆತ್ತನೆ ಶೂ. ಪಟ್ಟಿಯನ್ನ ಪಾದದ ಅಗಲವಾದ ಭಾಗದ ಮೇಲೆ ಬರೋ ಹಾಗೆ, ಒಂದು ಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟಿ, ಮುಗಿದ ಮೇಲೆ ಶೂ ಬಿಚ್ಚಿ ಪಾದದಡಿ ಕೆಂಪಾಗಿದೆಯಾ ಅಂತ ದಿನಾ ನೋಡಿ. ಜೋಮು ಇರೋ ಪಾದ ತಾನಾಗಿ ದೂರು ಹೇಳಲ್ಲ. ನಮ್ಮ ಮನೆಯಲ್ಲಿ ಈ ತನಿಖೆ ಚಿಕ್ಕಮ್ಮನದ್ದು. ಟಾರ್ಚು ಹಿಡಿದು ನೋಡ್ತಾರೆ.

ಬಟ್ಟೆಯ ವಿಷಯ ಯಾವ ವಿಡಿಯೋದಲ್ಲೂ ಹೇಳಲ್ಲ. ಪಂಚೆ, ಲುಂಗಿ ಉಟ್ಟು ಕೂರಲೇಬೇಡಿ, ಸೀಟಿನ ಗಾಲಿಗೆ ಸಿಕ್ಕಿಕೊಳ್ಳುತ್ತೆ. ಸೀರೆ ಸೆರಗು, ನೈಟಿ, ವೇಲು ಎಲ್ಲವೂ ಅಷ್ಟೇ. ಚಿಕ್ಕಪ್ಪ ಮಗನ ಹಳೇ ಟ್ರ್ಯಾಕ್ ಪ್ಯಾಂಟಿಗೆ ಒಪ್ಪೋಕೆ ನಾಲ್ಕು ದಿನ ಬೇಕಾಯ್ತು, ಬಾಗಿಲು ಹಾಕ್ಕೊಂಡೇ ಮಾಡೋದು. ಸಣ್ಣ ಮಕ್ಕಳಿರೋ ಮನೆಯಲ್ಲಿ ಹಳಿಯ ಹತ್ತಿರ ಬೆರಳು ಬರದ ಹಾಗೆ ನೋಡ್ಕೊಳ್ಳಿ. ಹಳಿಯನ್ನ ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಟೇಕಲ್‌ನಂಥ ಕಲ್ಲುಧೂಳಿನ ಊರಿನಲ್ಲಿ ಇದನ್ನ ಬಿಟ್ಟರೆ ಸೀಟು ಕಟಕಟ ಅನ್ನೋಕೆ ಶುರುವಾಗುತ್ತೆ. ಐವತ್ತು ಗಂಟೆ ಓಡಿದ ಮೇಲೆ ಸರಪಳಿಗೆ ಹೊಲಿಗೆ ಮೆಷಿನ್ನಿಗೆ ಬಿಡೋ ಥರದ ತೆಳು ಎಣ್ಣೆ ಬಟ್ಟೆಯಲ್ಲಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಧೂಳು ಅಂಟುತ್ತೆ.

ಕೊಳ್ಳೋವರು ಹೊಸದಕ್ಕೆ ಓಡಬೇಡಿ. ಬಳಸದೆ ನಿಂತಿದ್ದು ಸೆಕೆಂಡ್ ಹ್ಯಾಂಡಿನಲ್ಲಿ ಬೇಕಾದಷ್ಟು ಸಿಗುತ್ತೆ, ಕಾರಣ ನಿಮಗೀಗ ಗೊತ್ತಲ್ಲ. ಹೋಗಿ ಕೂತು ನೋಡಿ: ಸೀಟು ಎಲ್ಲೂ ತಡೆಯದೆ ಓಡಬೇಕು, ಹಿಡಿ ಬಿಟ್ಟಾಗ ಸರಪಳಿ ಪೂರ್ತಿ ಒಳಕ್ಕೆ ಎಳ್ಕೋಬೇಕು, ಕಾಲು ಚಾಚಿದಾಗ ಹಳಿ ಸಾಲಬೇಕು. ಇಡೋಕೆ ಎಂಟಡಿ ಜಾಗ, ಕಾಲಿಡುವ ಕಡೆ ಗಾಳಿ ಆಡಲಿ. ಎಷ್ಟೋ ಮೆಷಿನ್ನುಗಳನ್ನ ಎರಡು ತುಂಡು ಮಾಡಿ ಗೋಡೆಗೆ ನಿಲ್ಲಿಸಬಹುದು, ಕೊಳ್ಳುವ ಮುಂಚೆ ಕೇಳಿ.

ಆರು ತಿಂಗಳಾಯ್ತು. ಚಿಕ್ಕಪ್ಪ ಈಗ ವಾರಕ್ಕೆ ಐದು ದಿನ ಇಪ್ಪತ್ತು ನಿಮಿಷ ಮಾಡ್ತಾರೆ, ಊಟ ಮಾತ್ರೆ ಬಿಡದ ಜೊತೆಗೆ ಇದೂ ಸೇರಿ ಮೂರು ತಿಂಗಳ ಶುಗರ್ ಟೆಸ್ಟು 9.1 ಇದ್ದದ್ದು 7.6ಕ್ಕೆ ಬಂದಿದೆ. ಪಾದ ಸರಿಯಾಗಿದೆ. ಗುಜರಿಯವನು ಆಮೇಲೊಮ್ಮೆ ಬಂದು ಕೇಳಿದನಂತೆ, ಚಿಕ್ಕಮ್ಮ ಹಳೇ ಪೇಪರು ಕೊಟ್ಟು ಕಳಿಸಿದ್ದಾರೆ.

ಈಗ ಚಿಕ್ಕಮ್ಮನಿಗೂ ಆಸೆ ಹುಟ್ಟಿದೆ. ಮಧ್ಯಾಹ್ನ ಯಾರೂ ಇಲ್ಲದಾಗ ಚೂಡಿದಾರ್ ಪ್ಯಾಂಟು ಹಾಕ್ಕೊಂಡು ಕೂತರಂತೆ, ಪಾದ ಹಲಗೆಯಲ್ಲಿ ಸರಿಯಾಗಿ ಕೂರಲ್ಲ, ಪಟ್ಟಿ ಬೆರಳ ತುದಿಗೆ ಬರುತ್ತೆ, ಏನು ಮಾಡ್ಲಿ ಅಂತ ಕೇಳಿದ್ದಾರೆ. ಕುಳ್ಳಗಿರೋ ಹೆಂಗಸರಿಗೆಲ್ಲ ಇದೇ ತೊಂದರೆ, ಆದ್ದರಿಂದ ಇಲ್ಲೇ ಬರೀತೀನಿ. ಹಿಮ್ಮಡಿ ಇಡೋ ಪ್ಲಾಸ್ಟಿಕ್ ತುಂಡು ಮೇಲೆ ಕೆಳಗೆ ಸರಿಯುತ್ತೆ, ಅದರಲ್ಲಿ ಸಾಲಾಗಿ ತೂತುಗಳಿವೆ. ಚಿಕ್ಕ ಪಾದಕ್ಕೆ ಹಿಮ್ಮಡಿಯನ್ನ ಮೇಲಕ್ಕೆ ಏರಿಸಿ, ಪಟ್ಟಿ ಬೆರಳುಗಳು ಶುರುವಾಗೋ ಜಾಗಕ್ಕಿಂತ ಸ್ವಲ್ಪ ಮೇಲೆ, ಶೂ ಲೇಸಿನ ಕೊನೆಗೆ ಬರೋವರೆಗೆ ಸರಿಸಿ. ಎರಡೂ ಕಾಲಿಗೆ ಒಂದೇ ತೂತು. ಮತ್ತೆ ಚಿಕ್ಕಪ್ಪ ಕೂರುವಾಗ ಅವರ ತೂತಿಗೆ ವಾಪಸ್ ಇಡೋದು ಮರೀಬೇಡ ಚಿಕ್ಕಮ್ಮ. ಡ್ಯಾಂಪರ್ ಮೂರಕ್ಕೆ ಇಡು.